ಮಲಗುವ ಕೋಣೆಗೆ ತಾಗಿದ ಬಚ್ಚಲು: 8 ಅಡಿ, 5 ಅಡಿ ಜಾಗದಲ್ಲಿ ಯಾವುದನ್ನು ಎಲ್ಲಿ ಇಡಬೇಕು?

ಪ್ರಶ್ನೆ: ಬದಿಯಡ್ಕದ ಕೃಷಿಕ

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಭಾಗದಲ್ಲಿ, ನಮ್ಮ ಅಡಕೆ ತೋಟದ ಮೇಲಿನ ಗುಡ್ಡದ ಬದಿಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇನೆ. ಪಂಚಾಂಗದ (ಗೋಡೆಯ ಕೆಳಗಿನ ಅಡಿಪಾಯದ) ಕೆಲಸ ಮುಗಿದಿದ್ದು, ಇನ್ನು ಹತ್ತು ದಿನಗಳಲ್ಲಿ ಕೆಂಪುಕಲ್ಲಿನ ಗೋಡೆ ಏಳಲಿದೆ. ಗೋಡೆ ಎದ್ದ ಮೇಲೆ ಬಾಗಿಲಿನ ಜಾಗವನ್ನು ಬದಲಿಸುವುದು ಕಷ್ಟವೆಂದು ಮೇಸ್ತ್ರಿಯವರು ಹೇಳಿರುವುದರಿಂದ ಈಗಲೇ ನಿಮ್ಮೆಲ್ಲರ ಸಲಹೆಯನ್ನು ಕೇಳುತ್ತಿದ್ದೇನೆ.

ನಮ್ಮ ಹಳೆಯ ಮನೆಯಲ್ಲಿ ಬಚ್ಚಲು ಕೊಟ್ಟಿಗೆ ಮನೆಯಿಂದ ಹೊರಗಿದೆ. ಹಂಡೆಯ ಒಲೆಗೆ ತೆಂಗಿನ ಮಡಲು, ಸಿಪ್ಪೆ ಹಾಕಿ ನೀರು ಕಾಯಿಸುವುದು ಈಗಲೂ ನಡೆದುಕೊಂಡು ಬಂದಿದೆ. ಆದರೆ ಅಮ್ಮನಿಗೆ 74 ವರ್ಷ, ಮಂಡಿನೋವು ಬೇರೆ. ಆಷಾಢದ ಮಳೆಯಲ್ಲಿ ರಾತ್ರಿ ಎದ್ದು ಅಂಗಳ ದಾಟಿ ಹೋಗುವುದು ಅವರಿಂದ ಇನ್ನು ಆಗದು. ಆದ್ದರಿಂದ ನೆಲಮಹಡಿಯಲ್ಲಿ ಅವರ ಮಲಗುವ ಕೋಣೆಗೆ ತಾಗಿಯೇ ಶೌಚ ಮತ್ತು ಸ್ನಾನ ಎರಡಕ್ಕೂ ಆಗುವ ಒಂದು ಬಚ್ಚಲು ಮಾಡಿಸುವುದೆಂದು ತೀರ್ಮಾನಿಸಿದ್ದೇವೆ.

ಅದರ ಒಳ ಅಳತೆ ಪೂರ್ವ-ಪಶ್ಚಿಮವಾಗಿ 8 ಅಡಿ, ಉತ್ತರ-ದಕ್ಷಿಣವಾಗಿ 5 ಅಡಿ. ಉತ್ತರಕ್ಕೆ ಅಮ್ಮನ ಕೋಣೆ, ಪೂರ್ವಕ್ಕೆ ದೇವರ ಕೋಣೆ ಇವೆ. ದಕ್ಷಿಣ ಮತ್ತು ಪಶ್ಚಿಮದ ಗೋಡೆಗಳು ಹೊರಗೋಡೆಗಳು. ನಕ್ಷೆಯಲ್ಲಿ ಬಾಗಿಲು ಉತ್ತರದ ಗೋಡೆಯ ನಡುವೆ ಇದೆ. ಕಮೋಡ್ ಪೂರ್ವದ ಗೋಡೆಗೆ, ಸ್ನಾನದ ಜಾಗ ಪಶ್ಚಿಮದ ತುದಿಗೆ, ಕೈತೊಳೆಯುವ ಬೇಸಿನ್ ಬಾಗಿಲಿನ ಎದುರಿಗೆ ಬರುತ್ತದೆ. ದೇವರ ಕೋಣೆಯ ಗೋಡೆಗೇ ಕಮೋಡ್ ತಾಗಿರುವುದನ್ನು ಅಮ್ಮ ಒಪ್ಪುತ್ತಿಲ್ಲ, ಅವರ ಮನಸ್ಸಿಗೆ ವಿರುದ್ಧವಾಗಿ ಕಟ್ಟಿಸಲು ನನಗೂ ಇಷ್ಟವಿಲ್ಲ. ಇದನ್ನು ಹೇಗೆ ಬದಲಿಸಬಹುದು? ನೆಲವನ್ನು ಒಂದು ಅಡಿ ತಗ್ಗಿಸಿ ತುಂಬಿಸಬೇಕೆಂದು ಒಬ್ಬರು, ಬೇಡವೆಂದು ಇನ್ನೊಬ್ಬರು ಹೇಳುತ್ತಾರೆ. ಗೋಡೆಗೆ ತೂಗುವ ಕಮೋಡ್ ಕೆಂಪುಕಲ್ಲಿನ ಗೋಡೆಗೆ ಆಗುತ್ತದೆಯೇ? ಸ್ನಾನದ ಜಾಗವನ್ನು ಗಾಜಿನಿಂದ ಬೇರ್ಪಡಿಸುವುದು ಅಗತ್ಯವೇ? ಮನೆಯ ನೀರು ಬಾವಿಯಿಂದಲೂ, ಅದೇ ಗುಡ್ಡದೊಳಗೆ ಅಜ್ಜನ ಕಾಲದಲ್ಲಿ ಕೊರೆಸಿದ ಸುರಂಗದಿಂದಲೂ ಬರುತ್ತದೆ ಎಂಬುದನ್ನು ಗಮನದಲ್ಲಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಮಂಜೇಶ್ವರದ ಸಿವಿಲ್ ಎಂಜಿನಿಯರ್

ಮಾನ್ಯರೆ, ನಿಮ್ಮ ಕೋಣೆಯ ವಿಸ್ತೀರ್ಣ ಸುಮಾರು 3.7 ಚದರ ಮೀಟರ್ ಆಗುತ್ತದೆ. ಶೌಚ ಮತ್ತು ಸ್ನಾನ ಒಟ್ಟಿಗಿರುವ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆಯು ಹೇಳುವ ಕನಿಷ್ಠ ಅಳತೆ 2.8 ಚದರ ಮೀಟರ್, ಕನಿಷ್ಠ ಅಗಲ 1.2 ಮೀಟರ್. ಆದ್ದರಿಂದ ಜಾಗ ಸಾಲದು ಎಂಬ ಚಿಂತೆ ಬೇಡ. ತೊಂದರೆ ಇರುವುದು ಬಾಗಿಲಿನ ಜಾಗದಲ್ಲಿ. ನಡುವೆ ಬಾಗಿಲು ಇಟ್ಟಾಗ ಉದ್ದದ ಗೋಡೆ ಎರಡು ತುಂಡಾಗುತ್ತದೆ; ಒಳಗೆ ಆಸರೆಯ ಕಂಬಿಗೆ, ಬಟ್ಟೆಯ ಸರಳಿಗೆ ಗೋಡೆ ಉಳಿಯುವುದಿಲ್ಲ, ಹೊರಗೆ ಅಮ್ಮನ ಕೋಣೆಯಲ್ಲಿ ಕಪಾಟು ಇಡುವ ಗೋಡೆಯೂ ಹಾಳಾಗುತ್ತದೆ.

ಬಾಗಿಲನ್ನು ಉತ್ತರದ ಗೋಡೆಯ ಪೂರ್ವದ ತುದಿಗೆ ಸರಿಸಿರಿ. ಬಳಿಕ ಬೇಸಿನ್, ಕಮೋಡ್, ಸ್ನಾನದ ಜಾಗ ಈ ಮೂರನ್ನೂ ದಕ್ಷಿಣದ ಹೊರಗೋಡೆಯ ಉದ್ದಕ್ಕೆ ಇದೇ ಕ್ರಮದಲ್ಲಿ ಸಾಲಾಗಿ ಇಡಿರಿ. 96 ಇಂಚು ಉದ್ದದಲ್ಲಿ ಬೇಸಿನ್ನಿಗೆ 30 ಇಂಚು, ಕಮೋಡಿಗೆ 30 ಇಂಚು, ಸ್ನಾನಕ್ಕೆ 36 ಇಂಚು ಸಿಗುತ್ತದೆ. ಕಮೋಡಿನ ನಡುಗೆರೆಯಿಂದ ಎರಡೂ ಬದಿಗೆ ಕನಿಷ್ಠ 15 ಇಂಚು, ಮುಂದೆ ಕನಿಷ್ಠ 24 ಇಂಚು ಖಾಲಿ ಇರಬೇಕು. ಕಮೋಡ್ ಗೋಡೆಯಿಂದ 27 ಇಂಚು ಮುಂದೆ ಬಂದರೂ ನಿಮ್ಮಲ್ಲಿ 33 ಇಂಚು ಉಳಿಯುತ್ತದೆ. ಈ ವ್ಯವಸ್ಥೆಯಿಂದ ಕಮೋಡ್ ದೇವರ ಕೋಣೆಯ ಗೋಡೆಯಿಂದ ದೂರವಾಗುತ್ತದೆ, ಆ ಗೋಡೆಯೊಳಗೆ ಒಂದು ನೀರಿನ ಪೈಪೂ ಹೋಗುವುದಿಲ್ಲ. ನಾನು ಇದನ್ನು ನಂಬಿಕೆಯ ದೃಷ್ಟಿಯಿಂದ ಮಾತ್ರ ಹೇಳುತ್ತಿಲ್ಲ. ಕೆಂಪುಕಲ್ಲು ನೀರನ್ನು ಬೇಗ ಹೀರುವ ಕಲ್ಲಾದ್ದರಿಂದ, ಪಕ್ಕದ ಕೋಣೆಯ ಗೋಡೆಯೊಳಗೆ ಎಲ್ಲಿಯೋ ಒಂದು ಸಣ್ಣ ಸೋರಿಕೆ ಆದರೂ ಆಚೆಯ ಬದಿಯ ಬಣ್ಣ ಉಬ್ಬಿ ಬರುತ್ತದೆ. ಎಲ್ಲ ಪೈಪುಗಳು ಹೊರಗೋಡೆಯಲ್ಲಿದ್ದರೆ ಸೋರಿಕೆ ಹೊರಗಿನಿಂದಲೇ ಕಾಣುತ್ತದೆ, ರಿಪೇರಿಗೆ ಒಳಗಿನ ಟೈಲ್ಸ್ ಒಡೆಯಬೇಕಾಗುವುದಿಲ್ಲ. ಬಾಗಿಲು ತೆರೆದಾಗ ಮಲಗುವ ಕೋಣೆಗೆ ಕಾಣುವುದೂ ಬೇಸಿನ್ ಮತ್ತು ಕನ್ನಡಿ ಮಾತ್ರ.

ನೆಲವನ್ನು ಒಂದು ಅಡಿ ತಗ್ಗಿಸಿ ಇಟ್ಟಿಗೆಯ ಚೂರು ತುಂಬಿಸುವ ಕ್ರಮವು ಮೇಲಿನ ಮಹಡಿಯ ಬಚ್ಚಲುಗಳಿಗಾಗಿ, ಕೆಳಗಿನ ಕೋಣೆಯ ಸೀಲಿಂಗಿನಲ್ಲಿ ಪೈಪು ಕಾಣದಿರಲೆಂದು ಬಂದದ್ದು. ನಿಮ್ಮದು ನೆಲಮಹಡಿ. ಇಲ್ಲಿ ಪೈಪುಗಳನ್ನು ಕಾಂಕ್ರೀಟಿಗೆ ಮೊದಲೇ ಮಣ್ಣಿನೊಳಗೆ ಹಾಸಬಹುದು, ಕಮೋಡಿನ ಪೈಪನ್ನು ನೇರವಾಗಿ ದಕ್ಷಿಣದ ಗೋಡೆಯಿಂದ ಹೊರಗೆ ತೆಗೆಯಬಹುದು. ತುಂಬಿಸಿದ ಜಾಗಕ್ಕೆ ನೀರು ಇಳಿದರೆ ಅದು ಅಲ್ಲಿಯೇ ನಿಂತು ವರ್ಷಗಟ್ಟಲೆ ಗೋಡೆಗೆ ತೇವ ಏರಿಸುತ್ತದೆ. ಬಚ್ಚಲಿನ ನೆಲ ಮಲಗುವ ಕೋಣೆಯ ನೆಲಕ್ಕಿಂತ ಒಂದು ಇಂಚು ಕೆಳಗಿದ್ದರೆ ಸಾಕು.

ಗೋಡೆಗೆ ತೂಗುವ ಕಮೋಡ್ ಹಾಕಬಹುದು, ಆದರೆ ಅದರ ಭಾರವನ್ನು ಕೆಂಪುಕಲ್ಲಿಗೆ ಬಿಡಬಾರದು. ನೆಲದ ಕಾಂಕ್ರೀಟಿಗೆ ಬೋಲ್ಟ್ ಮಾಡಿದ ಕಬ್ಬಿಣದ ಚೌಕಟ್ಟು ಅದಕ್ಕೆ ಬೇಕು. ಆ ಚೌಕಟ್ಟನ್ನೂ ಫ್ಲಷ್ ಟ್ಯಾಂಕನ್ನೂ ಮುಚ್ಚಲು ಸುಮಾರು 6 ಇಂಚು ದಪ್ಪದ ಇನ್ನೊಂದು ಸಣ್ಣ ಗೋಡೆ ಬರುತ್ತದೆ. ಹೀಗಾಗಿ ಜಾಗ ಉಳಿಯುತ್ತದೆ ಎಂದು ಮಾರಾಟಗಾರರು ಹೇಳುವುದು ನಿಮ್ಮ ಲೆಕ್ಕದಲ್ಲಿ ನಿಜವಾಗುವುದಿಲ್ಲ. ಮುಂದೆ ಬರುವ ಒಟ್ಟು ಅಳತೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ನೆಲ ಒರೆಸಲು ಸುಲಭ ಎಂಬುದು ನಿಜವಾದ ಅನುಕೂಲ, ಎತ್ತರವನ್ನು ನಮಗೆ ಬೇಕಾದಂತೆ 18 ಇಂಚಿಗೆ ನಿಗದಿ ಮಾಡಬಹುದು ಎಂಬುದು ಮಂಡಿನೋವಿನವರಿಗೆ ಅದಕ್ಕಿಂತ ದೊಡ್ಡ ಅನುಕೂಲ. ನೆಲದ ಮೇಲೆ ಕೂರುವ ಕಮೋಡುಗಳಲ್ಲಿಯೂ ಎತ್ತರದ ಮಾದರಿಗಳು ಸಿಗುತ್ತವೆ. ಖರ್ಚು ಕಡಿಮೆ ಇರಬೇಕೆಂದಿದ್ದರೆ ನಾನು ಅದನ್ನೇ ಆರಿಸಿಕೊಳ್ಳುವೆ.

ಗಾಳಿ ಬೆಳಕಿಗೆ ದಕ್ಷಿಣದ ಗೋಡೆಯಲ್ಲಿ, ಕಮೋಡಿನ ಮೇಲ್ಗಡೆ, ನೆಲದಿಂದ ಆರು ಅಡಿ ಎತ್ತರದಲ್ಲಿ ಒಂದೂವರೆ ಅಡಿ ಸನ್‌ಶೇಡ್ ಇರುವ ಕಿಟಕಿ ಇಡಿರಿ. ಜೂನ್ ತಿಂಗಳಿನಿಂದ ಗಾಳಿಮಳೆ ಪಶ್ಚಿಮದಿಂದಲೇ ಬಡಿಯುವುದರಿಂದ ಪಶ್ಚಿಮದ ಗೋಡೆಯನ್ನು ಮುಚ್ಚಿಯೇ ಇಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಉತ್ತರ: ಕುಂಬಳೆಯ ನಿವೃತ್ತ ಅಧ್ಯಾಪಿಕೆ

ಎಂಜಿನಿಯರ್ ಅವರು ಹೇಳಿದ ಸಾಲು ವ್ಯವಸ್ಥೆ ನನಗೂ ಒಪ್ಪಿಗೆಯೇ. ನಾನು ವಯಸ್ಸಾದವರ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸಬೇಕಾಗಿದೆ, ಏಕೆಂದರೆ ಅವುಗಳನ್ನು ನಾವು ಬಹಳ ನೋವಿನಿಂದ ಕಲಿತಿದ್ದೇವೆ.

ಆರು ವರ್ಷಗಳ ಹಿಂದೆ ನಮ್ಮ ಮನೆಯವರು ಬಚ್ಚಲಿನಲ್ಲಿ ಜಾರಿ ಬಿದ್ದರು. ಬಾಗಿಲು ಒಳಕ್ಕೆ ತೆರೆಯುವಂಥದ್ದು. ಅವರು ಬಾಗಿಲಿಗೆ ಅಡ್ಡವಾಗಿ ಬಿದ್ದಿದ್ದರಿಂದ ಹೊರಗಿನಿಂದ ಅದನ್ನು ನೂಕಲು ಆಗಲಿಲ್ಲ, ನೂಕಿದರೆ ಅವರಿಗೇ ಪೆಟ್ಟಾಗುತ್ತಿತ್ತು. ಪಕ್ಕದ ಮನೆಯ ಹುಡುಗರು ಬಂದು ಬಾಗಿಲನ್ನು ತಿರುಗಣಿಯಿಂದ ಕಳಚುವ ತನಕ ಅವರು ಒದ್ದೆ ನೆಲದ ಮೇಲೆಯೇ ಮಲಗಿದ್ದರು. ಆದ್ದರಿಂದ ನಿಮ್ಮ ಅಮ್ಮನ ಬಚ್ಚಲಿನ ಬಾಗಿಲು ದಯವಿಟ್ಟು ಮಲಗುವ ಕೋಣೆಯ ಕಡೆಗೆ ತೆರೆಯುವಂತೆ ಇರಲಿ. ಚಿಲಕ ಹೊರಗಿನಿಂದಲೂ ನಾಣ್ಯವನ್ನಿಟ್ಟು ತಿರುಗಿಸಿ ತೆರೆಯಬಹುದಾದ ಬಗೆಯದಾಗಿರಲಿ. ಹೊರಕ್ಕೆ ತೆರೆಯುವ ಬಾಗಿಲಿನಿಂದ ನೀರು ಕೋಣೆಗೆ ತೊಟ್ಟಿಕ್ಕುತ್ತದೆ ಎಂದು ಹೇಳುವವರಿದ್ದಾರೆ. ನಿಮ್ಮಲ್ಲಿ ಬಾಗಿಲು ಪೂರ್ವದ ತುದಿಯಲ್ಲಿ, ಸ್ನಾನದ ಜಾಗ ಪಶ್ಚಿಮದ ತುದಿಯಲ್ಲಿ ಇರುವುದರಿಂದ ಅದೊಂದು ತೊಂದರೆಯೇ ಅಲ್ಲ. ಬಾಗಿಲಿನ ಅಗಲವನ್ನು ಎರಡೂವರೆ ಅಡಿಗೆ ನಿಲ್ಲಿಸಬೇಡಿ, ಮೂರು ಅಡಿಯ ದಾರಂದ (ಬಾಗಿಲಿನ ಚೌಕಟ್ಟು) ಇಡಿಸಿ. ಮುಂದೆ ಗಾಲಿಕುರ್ಚಿ ಬೇಕಾಗಿ ಬಂದರೆ ಆ ಆರು ಇಂಚಿನ ಬೆಲೆ ತಿಳಿಯುತ್ತದೆ.

ಇನ್ನು ಹೊಸ್ತಿಲಿನ ವಿಚಾರ. ನೀರು ಹೊರಗೆ ಬರಬಾರದೆಂದು ಬಾಗಿಲಿನಲ್ಲಿ ಒಂದು ಗ್ರಾನೈಟ್ ಪಟ್ಟಿ, ಸ್ನಾನದ ಜಾಗಕ್ಕೆ ಇನ್ನೊಂದು ಕಟ್ಟು, ಹೀಗೆ ಎರಡು ಕಡೆ ಎಡವುವ ಸಾಮಗ್ರಿಯನ್ನು ನಾವೇ ಕಟ್ಟಿಸಿಕೊಂಡಿದ್ದೆವು. ಈಗ ಎರಡನ್ನೂ ತೆಗೆಸಿದ್ದೇವೆ. ನೆಲದ ಇಳಿಜಾರು ಸರಿಯಾಗಿದ್ದರೆ ಕಟ್ಟು ಬೇಕಾಗುವುದಿಲ್ಲ. ಬಾಗಿಲಿನ ಒಂದು ಇಂಚಿನ ವ್ಯತ್ಯಾಸವನ್ನೂ ಮೆಟ್ಟಿಲಿನಂತೆ ಬಿಡದೆ ಓರೆ ಮಾಡಿಸಿ.

ಗಾಜಿನ ವಿಭಾಗ ಬೇಡ. ನಮ್ಮ ಕಡೆಯವರು ಬಾಲ್ದಿಯಲ್ಲಿ ನೀರು ತುಂಬಿಸಿ, ಚೆಂಬಿನಲ್ಲಿ ಮೈಮೇಲೆ ಹೊಯ್ದುಕೊಂಡು, ಕೂತು ಸ್ನಾನ ಮಾಡಿ ರೂಢಿಯಾದವರು. ಮೂರು ಅಡಿಯ ಗಾಜಿನ ಪೆಟ್ಟಿಗೆಯಲ್ಲಿ ಅದು ಸಾಧ್ಯವಿಲ್ಲ, ಸಹಾಯಕ್ಕೆ ಇನ್ನೊಬ್ಬರು ನಿಲ್ಲಲೂ ಆಗುವುದಿಲ್ಲ. ಅದರ ಬದಲು ಪಶ್ಚಿಮದ ಗೋಡೆಗೆ ತಾಗಿ 18 ಇಂಚು ಎತ್ತರ, 15 ಇಂಚು ಅಗಲದ ಒಂದು ಕಟ್ಟೆ ಕಟ್ಟಿಸಿ. ಅಮ್ಮ ಅದರ ಮೇಲೆ ಕುಳಿತು ಸ್ನಾನ ಮಾಡಬಹುದು. ಬಾಲ್ದಿಯ ನಲ್ಲಿ ಆ ಕಟ್ಟೆಯಿಂದ ಕೈಗೆ ಸಿಗುವಂತಿರಲಿ, ಬಗ್ಗಿ ಎತ್ತುವ ಕೆಲಸ ಇರಬಾರದು. ಕೈಯಲ್ಲಿ ಹಿಡಿಯುವ ಶವರ್ ಒಂದಿದ್ದರೆ ಇನ್ನೂ ಒಳ್ಳೆಯದು.

ಹಿಡಿಕೆ ಕಂಬಿಗಳನ್ನು ಆಮೇಲೆ ಹಾಕಿಸೋಣವೆಂದು ಬಿಡಬೇಡಿ. ಕೆಂಪುಕಲ್ಲಿಗೆ ಹೊಡೆದ ಸ್ಕ್ರೂ ಮನುಷ್ಯರ ಭಾರವನ್ನು ತಡೆಯುವುದಿಲ್ಲ ಎಂದು ನಮಗೆ ಆಮೇಲೆ ತಿಳಿಯಿತು. ಗೋಡೆ ಕಟ್ಟುವಾಗಲೇ ಕಮೋಡಿನ ಪಕ್ಕದಲ್ಲಿ, ಕಟ್ಟೆಯ ಪಕ್ಕದಲ್ಲಿ ಮತ್ತು ಉತ್ತರದ ಗೋಡೆಯ ಉದ್ದಕ್ಕೆ, ನೆಲದಿಂದ ಸುಮಾರು ಎರಡೂಮುಕ್ಕಾಲು ಅಡಿ ಎತ್ತರದಲ್ಲಿ ಕಲ್ಲಿನ ಬದಲು ಕಾಂಕ್ರೀಟಿನ ತುಂಡುಗಳನ್ನು ಇಡಿಸಿರಿ. ಈ ಕಂಬಿಯ ದಾರಿಗೆ ಉತ್ತರದ ಗೋಡೆ ಪೂರ್ತಿ ಖಾಲಿ ಸಿಗುವುದೇ ಎಂಜಿನಿಯರ್ ಅವರ ನಕ್ಷೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಅಂಶ.

ಪಶ್ಚಿಮದ ಕಿಟಕಿಯ ವಿಷಯದಲ್ಲಿ ಮಾತ್ರ ನನ್ನ ಅನುಭವ ಬೇರೆಯಾಗಿದೆ. ನಮ್ಮ ಬಚ್ಚಲಿಗೆ ಪಶ್ಚಿಮದಲ್ಲಿ ಸಣ್ಣ ಕಿಟಕಿಯಿದೆ. ಮಳೆಗಾಲದಲ್ಲಿ ಅದನ್ನು ಮುಚ್ಚಿಡುತ್ತೇವೆ ನಿಜ, ಆದರೆ ಅಕ್ಟೋಬರ್‌ನಿಂದ ಮೇ ತನಕ ಮಧ್ಯಾಹ್ನದ ಬಿಸಿಲು ನೇರವಾಗಿ ಸ್ನಾನದ ನೆಲಕ್ಕೆ ಬಿದ್ದು ಪಾಚಿಯೂ ವಾಸನೆಯೂ ಇಲ್ಲದಂತೆ ಒಣಗಿಸುತ್ತದೆ. ದಕ್ಷಿಣದ ಕಿಟಕಿಯ ಜೊತೆಗೆ ಅದೂ ಒಂದು ಇದ್ದರೆ ಗಾಳಿಯೂ ಆಡುತ್ತದೆ.

ಉತ್ತರ: ಮುಳ್ಳೇರಿಯಾದ ಪ್ಲಂಬರ್

ನಾನು ಈ ಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪೈಪಿನ ಕೆಲಸ ಮಾಡುತ್ತಿದ್ದೇನೆ. ಮೊದಲು ಸುರಂಗದ ಬಗ್ಗೆ ಹೇಳುತ್ತೇನೆ, ಏಕೆಂದರೆ ಒಳಗಿನ ತಪ್ಪನ್ನು ಟೈಲ್ಸ್ ಒಡೆದು ಸರಿಪಡಿಸಬಹುದು, ಕುಡಿಯುವ ನೀರು ಕೆಟ್ಟರೆ ಸರಿಪಡಿಸುವುದು ಸುಲಭವಲ್ಲ.

ಕೇರಳದ ಕಟ್ಟಡ ನಿಯಮದಂತೆ ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 7.5 ಮೀಟರ್ ದೂರ ಇರಬೇಕು. ಆ ದೂರವನ್ನು ನಿಮ್ಮ ಬಾವಿಯಿಂದ ಮಾತ್ರವಲ್ಲದೆ ನೆರೆಯವರ ಬಾವಿಯಿಂದಲೂ ಅಳೆಯಬೇಕು. ಸುರಂಗಕ್ಕೆ ಈ ಲೆಕ್ಕ ಸಾಕಾಗುವುದಿಲ್ಲ. ಅದರ ಬಾಯಿ ತೋಟದ ಬದಿಯಲ್ಲಿದ್ದರೂ ಅದು ಗುಡ್ಡದೊಳಗೆ ಅಡ್ಡವಾಗಿ ಎಷ್ಟೋ ದೂರ ಹೋಗಿರುತ್ತದೆ. ಬಾಯಿಯಿಂದ ದೂರ ಎಂದುಕೊಂಡು ಗುಂಡಿ ತೋಡಿದ ಜಾಗವು ಸುರಂಗದ ನೆತ್ತಿಯ ಮೇಲೆಯೇ ಇರಬಹುದು. ಕೆಂಪುಕಲ್ಲಿನಲ್ಲಿ ತೂತು, ಬಿರುಕುಗಳು ಹೆಚ್ಚು ಇರುವುದರಿಂದ ಮಳೆಗಾಲದಲ್ಲಿ ನೀರು ಅದರೊಳಗೆ ಬಹಳ ವೇಗವಾಗಿ ಇಳಿಯುತ್ತದೆ. ನಿಮ್ಮ ಸುರಂಗದ ಉದ್ದವೂ ದಿಕ್ಕೂ ತಿಳಿದ ಹಿರಿಯರು ಯಾರಾದರೂ ಇದ್ದರೆ ಅವರನ್ನು ಕರೆದು, ಅದರ ದಾರಿಯನ್ನು ಮೇಲಿನ ನೆಲದಲ್ಲಿ ಗೂಟ ಹೊಡೆದು ಗುರುತಿಸಿರಿ. ಗುಂಡಿಯನ್ನು ಆ ಗೆರೆಯಿಂದ ಆದಷ್ಟು ದೂರಕ್ಕೆ, ಸುರಂಗದ ಕಡೆಗೆ ಇಳಿಜಾರು ಇಲ್ಲದ ಬದಿಗೆ ತೆಗೆಯಿರಿ.

ಸ್ನಾನದ ನೀರನ್ನು ಸೆಪ್ಟಿಕ್ ಟ್ಯಾಂಕಿಗೆ ಬಿಡಬೇಡಿ. ಸಾಬೂನು ನೀರು ಅಲ್ಲಿ ಮಲ ಕೊಳೆಯಿಸುವ ಜೀವಾಣುಗಳಿಗೆ ಒಳ್ಳೆಯದಲ್ಲ, ಟ್ಯಾಂಕೂ ಬೇಗ ತುಂಬಿ ಹರಿಯುತ್ತದೆ. ಕಮೋಡಿಗೆ 110 ಮಿಲಿಮೀಟರ್ ಪೈಪ್ ಬೇರೆ, ಸ್ನಾನ ಮತ್ತು ಬೇಸಿನ್ನಿಗೆ 75 ಮಿಲಿಮೀಟರ್ ಪೈಪ್ ಬೇರೆ ಇರಲಿ. ಈ ಎರಡನೆಯದನ್ನು ಬಾಳೆಯ ಬುಡಕ್ಕೆ ಬಿಡಬಹುದು. ಕಮೋಡಿನ ಪೈಪಿಗೆ ಐದು ಅಡಿಗೆ ಒಂದು ಇಂಚು ಇಳಿಜಾರು ಬೇಕು. ಟ್ಯಾಂಕ್ 25 ಅಡಿ ದೂರದಲ್ಲಿದ್ದರೆ ಒಟ್ಟು ಐದು ಇಂಚು ಇಳಿಯಬೇಕು, ಅದನ್ನು ನೋಡಿಕೊಂಡೇ ಟ್ಯಾಂಕಿನ ಎತ್ತರವನ್ನು ನಿಗದಿ ಮಾಡಬೇಕು. ತಿರುವಿನಲ್ಲಿ ಒಂದೇ 90 ಡಿಗ್ರಿಯ ಬೆಂಡ್ ಹಾಕದೆ, 45 ಡಿಗ್ರಿಯ ಎರಡನ್ನು ಹಾಕಿಸಿ. ತಿರುವು ಇರುವಲ್ಲೆಲ್ಲ ಮುಚ್ಚಳವಿರುವ ಚೇಂಬರ್ ಇರಲಿ.

ಕಮೋಡನ್ನು ಮೊದಲೇ ಖರೀದಿಸಿ ತಂದಿಡಿ. ಕೆಲವು ಮಾದರಿಗಳ ಪೈಪು ನೆಲಕ್ಕೆ ಇಳಿಯುತ್ತದೆ, ಕೆಲವುಗಳದ್ದು ಹಿಂದಿನ ಗೋಡೆಗೆ ಹೋಗುತ್ತದೆ. ನೆಲಕ್ಕೆ ಇಳಿಯುವುದರಲ್ಲಿಯೂ ಗೋಡೆಯಿಂದ 9 ಇಂಚಿನದ್ದು ಬೇರೆ, 12 ಇಂಚಿನದ್ದು ಬೇರೆ. ಈ ಅಳತೆಯನ್ನು ಸಾರಣೆ ಮತ್ತು ಟೈಲ್ಸ್ ಮುಗಿದ ಮೇಲಿನ ಗೋಡೆಯಿಂದ ಹಿಡಿಯಬೇಕು. ಬರಿಯ ಕಲ್ಲಿನಿಂದ ಅಳೆದು ಪೈಪ್ ಇಟ್ಟ ಕಡೆಗಳಲ್ಲಿ ಕೊನೆಗೆ ಕಮೋಡ್ ಕೂರದೆ ನೆಲ ಒಡೆದದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ನೆಲದ ಜಾಲಿಯನ್ನು ಸ್ನಾನದ ಜಾಗದ ನೈಋತ್ಯ ಮೂಲೆಯಲ್ಲಿ, ಕಾಲಿಗೆ ಸಿಗದಂತೆ ಇಡಿ. ಜಾಲಿಯ ಕೆಳಗೆ ಕೂರುವ ಟ್ರ್ಯಾಪಿನಲ್ಲಿ ಎರಡು ಇಂಚು ನೀರು ನಿಲ್ಲಬೇಕು, ಅದೇ ವಾಸನೆಯನ್ನೂ ಜಿರಳೆಯನ್ನೂ ತಡೆಯುತ್ತದೆ. ಸ್ನಾನದ ಜಾಗದಲ್ಲಿ ಮೂರು ಅಡಿಗೆ ಅರ್ಧ ಇಂಚು ಇಳಿಜಾರು, ಉಳಿದ ಕಡೆ ಅದಕ್ಕಿಂತ ಸ್ವಲ್ಪ ಕಡಿಮೆ ಸಾಕು. ಎರಡು ಅಡಿ ಚದರದ ದೊಡ್ಡ ಟೈಲ್ಸಿನಲ್ಲಿ ಇಂಥ ಇಳಿಜಾರು ಸರಿಯಾಗಿ ಬರುವುದಿಲ್ಲ, ನೀರು ಅಲ್ಲಲ್ಲಿ ನಿಲ್ಲುತ್ತದೆ. ಒಂದು ಅಡಿ ಚದರದ ಒರಟು ಮೈಯ ಟೈಲ್ಸ್ ತಂದರೆ ಸಂದುಗಳು ಹೆಚ್ಚಿರುವುದರಿಂದ ಕಾಲಿಗೂ ಹಿಡಿತ ಸಿಗುತ್ತದೆ. ಟೈಲ್ಸಿಗೆ ಮೊದಲು ನೀರು ತಡೆಯುವ ಲೇಪವನ್ನು ನೆಲಕ್ಕೆ, ಗೋಡೆಯ ಒಂದು ಅಡಿ ಎತ್ತರದ ತನಕ, ಸ್ನಾನದ ಜಾಗದಲ್ಲಿ ಆರು ಅಡಿಯ ತನಕ ಎರಡು ಕೈ ಹೊಡೆಸಿ. ಅದು ಒಣಗಿದ ಮೇಲೆ ಜಾಲಿ ಮುಚ್ಚಿ, 48 ಗಂಟೆ ನೀರು ನಿಲ್ಲಿಸಿ ನೋಡಿ. ಟೈಲ್ಸಿನವರು ಅವಸರ ಮಾಡಿದರೂ ಈ ಎರಡು ದಿನಗಳನ್ನು ಬಿಡಬೇಡಿ.

ಮೇಲಿನಿಂದ ಮಳೆಯಂತೆ ಸುರಿಯುವ ದೊಡ್ಡ ಶವರ್ ಬೇಕೆಂದಿದ್ದರೆ ಮೊದಲು ಟ್ಯಾಂಕಿನ ಎತ್ತರ ನೋಡಿ. ನೀರಿನ ಮಟ್ಟ 10 ಮೀಟರ್ ಎತ್ತರದಲ್ಲಿದ್ದರೆ ಒಂದು ಬಾರ್ ಒತ್ತಡ ಸಿಗುತ್ತದೆ. ಒಂದು ಮಹಡಿಯ ಮನೆಯ ತಾರಸಿಯಲ್ಲಿ ಮೂರು ಅಡಿ ಕಟ್ಟೆಯ ಮೇಲೆ ಟ್ಯಾಂಕ್ ಇಟ್ಟರೆ ಶವರಿನಿಂದ ಅದು ಆರೇ ಅಡಿ ಮೇಲಿರುತ್ತದೆ, ಒತ್ತಡ 0.2 ಬಾರ್ ಕೂಡ ಬರುವುದಿಲ್ಲ. ಕೈಶವರ್ ಮತ್ತು ಬಾಲ್ದಿಯ ನಲ್ಲಿಗೆ ಅಷ್ಟು ಸಾಕು.

ಮರುಪ್ರಶ್ನೆ: ಬದಿಯಡ್ಕದ ಕೃಷಿಕ

ನೀವು ಮೂವರೂ ಇಷ್ಟು ಸಮಯ ಕೊಟ್ಟು ಬರೆದದ್ದಕ್ಕೆ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ಸಂಜೆ ಪಂಚಾಂಗದ ಮೇಲೆ ಸುಣ್ಣದ ಹುಡಿಯಿಂದ ಗೆರೆ ಎಳೆದು, ಕಮೋಡಿನ ಜಾಗದಲ್ಲಿ ಒಂದು ಕುರ್ಚಿಯನ್ನೂ ಕಟ್ಟೆಯ ಜಾಗದಲ್ಲಿ ಕಲ್ಲುಗಳನ್ನೂ ಇಟ್ಟು ಅಮ್ಮನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಕುರ್ಚಿಯಲ್ಲಿ ಕುಳಿತು ಏಳುವಾಗ ಅವರ ಎಡಗೈ ತಾನಾಗಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಿ ಕಂಬಿಯ ಜಾಗವನ್ನು ಗುರುತಿಸಿದ್ದೇನೆ. ಅವರ ಎಡಗಡೆ ಬರುವುದು ಸ್ನಾನದ ಜಾಗ, ಅಂದರೆ ಆ ಬದಿಯಲ್ಲಿ ಗೋಡೆಯೇ ಇಲ್ಲ. ಕಂಬಿಯನ್ನು ಯಾವುದಕ್ಕೆ ಹಾಕುವುದು? ಸುರಂಗದ ದಾರಿಯನ್ನು ದೊಡ್ಡಪ್ಪ ತೋರಿಸಿದ್ದಾರೆ. ನಕ್ಷೆಯಲ್ಲಿದ್ದ ಇಂಗುಗುಂಡಿ ಅದಕ್ಕೆ ಬಹಳ ಹತ್ತಿರ ಇದ್ದುದರಿಂದ ಅದನ್ನು ಇನ್ನೊಂದು ಬದಿಗೆ ಬದಲಿಸುತ್ತಿದ್ದೇವೆ. ಇನ್ನೊಂದು ವಿಷಯವೆಂದರೆ, ಅಮ್ಮನಿಗೆ ಹಂಡೆಯ ಬಿಸಿನೀರೇ ಆಗಬೇಕು. ಹಳೆಯ ಒಲೆಯಿಂದ ಇಲ್ಲಿಗೆ ಪೈಪ್ ಎಳೆಯಬಹುದೇ?

ಉತ್ತರ: ಮಂಜೇಶ್ವರದ ಸಿವಿಲ್ ಎಂಜಿನಿಯರ್

ಕುರ್ಚಿ ಇಟ್ಟು ನೋಡಿದ್ದು ಬಹಳ ಒಳ್ಳೆಯ ಕೆಲಸ. ಕಮೋಡ್ ಮತ್ತು ಸ್ನಾನದ ಜಾಗದ ನಡುವೆ, ದಕ್ಷಿಣದ ಗೋಡೆಯಿಂದ ಎರಡೂವರೆ ಅಡಿ ಮುಂದಕ್ಕೆ ಬರುವಂತೆ, ಮೂರೂವರೆ ಅಡಿ ಎತ್ತರದ ಒಂದು ಸಣ್ಣ ಕಾಂಕ್ರೀಟ್ ಗೋಡೆ ಕಟ್ಟಿಸಿ. ದಪ್ಪ ಮೂರು ಇಂಚು ಸಾಕು, ಅದನ್ನು ಸ್ನಾನದ 36 ಇಂಚಿನಿಂದ ಕಳೆಯಿರಿ. ಕಂಬಿ ಅದಕ್ಕೆ ಗಟ್ಟಿಯಾಗಿ ಕೂರುತ್ತದೆ, ಸ್ನಾನದ ನೀರು ಕಮೋಡಿನ ಕಡೆ ಸಿಡಿಯುವುದನ್ನೂ ಅದೇ ತಡೆಯುತ್ತದೆ, ಗಾಜು ಬೇಕಾಗುವುದಿಲ್ಲ. ಪಶ್ಚಿಮದ ಕಿಟಕಿಯ ವಿಷಯದಲ್ಲಿ ಅಧ್ಯಾಪಿಕೆಯವರ ಮಾತನ್ನು ಒಪ್ಪುತ್ತೇನೆ. ಮುಚ್ಚಲು ಬರುವ ಬಾಗಿಲಿರುವ ಸಣ್ಣ ಕಿಟಕಿಯನ್ನು ಎತ್ತರದಲ್ಲಿ ಇಡಿಸಿರಿ.

ಹಂಡೆಯಿಂದ ಪೈಪ್ ಎಳೆಯಬೇಕಾದರೆ ಹಂಡೆಯ ನೀರಿನ ಮಟ್ಟ ಬಚ್ಚಲಿನ ನಲ್ಲಿಗಿಂತ ಮೇಲಿರಬೇಕು, ನೆಲದ ಒಲೆಯ ಹಂಡೆಯಲ್ಲಿ ಅದು ಕಷ್ಟ. ದೂರವೂ ಒಂದು ತೊಂದರೆ: ಅರ್ಧ ಇಂಚು ಒಳವ್ಯಾಸದ ಪೈಪ್ ಎಂದುಕೊಂಡರೂ 12 ಮೀಟರ್ ಉದ್ದದಲ್ಲಿ ಸುಮಾರು ಒಂದೂವರೆ ಲೀಟರ್ ನೀರು ತಣ್ಣಗೆ ನಿಂತಿರುತ್ತದೆ, ಪ್ರತಿ ಸಲವೂ ಅದನ್ನು ಚೆಲ್ಲಬೇಕು. ಬಿಸಿನೀರಿಗೆ ಸಾಮಾನ್ಯ ಪಿವಿಸಿ ಆಗುವುದಿಲ್ಲ, ಸಿಪಿವಿಸಿ ಪೈಪ್ ಬೇಕು. ದಿನನಿತ್ಯಕ್ಕೆ ಸ್ನಾನದ ಜಾಗದ ಪಶ್ಚಿಮದ ಗೋಡೆಯಲ್ಲಿ 15 ಲೀಟರಿನ ಗೀಸರ್ ಹಾಕಿಸಿ. ಅದರ ಸ್ವಿಚ್ ಬಚ್ಚಲಿನ ಹೊರಗಿರಲಿ, ಅರ್ಥಿಂಗ್ ಸರಿಯಾಗಿರಲಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಇಲ್ಲದೆ ಸಂಪರ್ಕ ಕೊಡಬೇಡಿ. ಹಳೆಯ ಬಚ್ಚಲು ಕೊಟ್ಟಿಗೆಯನ್ನು ಕೆಡವದೆ ಉಳಿಸಿಕೊಂಡರೆ ಎಣ್ಣೆಸ್ನಾನದ ದಿನ ಅಮ್ಮ ಅಲ್ಲಿಗೇ ಹೋಗಬಹುದು.

ಉತ್ತರ: ಮುಳ್ಳೇರಿಯಾದ ಪ್ಲಂಬರ್

ಒಂದು ಮಾತು ಬಿಟ್ಟುಹೋಗಿತ್ತು. ಪೈಪುಗಳೆಲ್ಲ ಕೂತ ಮೇಲೆ, ಸಾರಣೆಗೆ ಮೊದಲು, ಪ್ರತಿ ಗೋಡೆಗೂ ಅಳತೆ ಟೇಪನ್ನು ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಕಂಬಿ ಹಾಕಲು ಡ್ರಿಲ್ ಮಾಡುವವರು ಬಂದಾಗ ಅವರಿಗೆ ಮೊದಲು ಆ ಚಿತ್ರಗಳನ್ನು ತೋರಿಸಿರಿ.